ಪೆಟ್ಟಿಗೆ ಮೊದಲು, ಸ್ಕ್ಯಾನರ್ ಆಮೇಲೆ

(ಕುಕ್ಕುವಾಡದ ಒಂದು ಮನೆಯ ಪಡಸಾಲೆ. ಮಾತನಾಡುವವರು ಮೂವರು: ಮನೆಯ ಯಜಮಾನರು, ದಾವಣಗೆರೆಯ ಕಾಲೇಜೊಂದರ ಗ್ರಂಥಪಾಲಕಿ, ದಾವಣಗೆರೆಯಲ್ಲೇ ಬಹುಕಾಲ ಫೋಟೋ ಸ್ಟುಡಿಯೋ ನಡೆಸಿ ಈಗ ಬಿಡುವಾಗಿರುವ ಹಿರಿಯರು. ನಡುವೆ ತೆರೆದಿಟ್ಟ ಕಬ್ಬಿಣದ ಟ್ರಂಕು.)

ಯಜಮಾನರು: ಈ ಟ್ರಂಕಿನಾಗಿರೋದನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕು ಅಂತ ಮಾಡೀನಿ. ಕಾಗದಾನೂ ಹಿಡೀಬೇಕು, ನೆಗೆಟಿವ್ನೂ ಹಿಡೀಬೇಕು, ಬ್ಯಾಗಿನಾಗೆ ಹಾಕ್ಕೊಂಡು ಅಣ್ಣನ ಮನೆಗೂ ಒಯ್ಯೋಹಂಗಿರಬೇಕು. ಅಂಥ ಸ್ಕ್ಯಾನರ್ ಯಾವುದೈತಿ? ಹೆಸರು ಹೇಳಿದ್ರೆ ಮಗ ತರಿಸ್ತಾನೆ.

ಗ್ರಂಥಪಾಲಕಿ: ಹೆಸರು ಹೇಳೋಕೆ ಮುಂಚೆ ಟ್ರಂಕಿನಲ್ಲಿ ಏನೇನಿದೆ ಅಂತ ನೋಡೋಣ. ಎಲ್ಲರೂ ಮೊದಲು ಯಂತ್ರ ಕೊಳ್ಳುತ್ತಾರೆ, ಆಮೇಲೆ ಕಾಗದಗಳನ್ನು ಅದಕ್ಕೆ ಒಗ್ಗಿಸೋಕೆ ನೋಡುತ್ತಾರೆ. ಮಡಚಿದ್ದನ್ನು ಒತ್ತಿ ಬಿಡಿಸಿ, ಹೊಲಿಗೆ ಬಿಚ್ಚಿ, ಅಂಚು ಕತ್ತರಿಸಿ. ಕಾಗದ ಹಾಳಾಗೋದು ಟ್ರಂಕಿನಲ್ಲಿ ಕಡಿಮೆ, ಆ ಆತುರದಲ್ಲಿ ಜಾಸ್ತಿ.

ಯಜಮಾನರು: ಹಂಗಾದ್ರೆ ಕೇಳ್ರಿ. ಮೇಲೆ ಇರೋವು ಕ್ರಯಪತ್ರ, ಪಾಲುಪಟ್ಟಿ, ಎಲ್ಲ ಛಾಪಾ ಕಾಗದದ ಮ್ಯಾಲೆ. ಅದರ ಕೆಳಗೆ ಕೈಬರಹದ ಪಹಣಿ, ಕಂದಾಯದ ರಸೀದಿ, ಭದ್ರಾ ನಾಲೆ ನೀರಿನ ರಸೀದಿ, ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕಿದಾಗಿನ ತೂಕದ ಚೀಟಿ. ಈ ಕೆಂಪು ಬಟ್ಟೆ ಗಂಟಿನಾಗೆ ಮುತ್ತಜ್ಜ ಶಾನುಭೋಗಿಕೆ ಮಾಡ್ತಿದ್ದ ಕಾಲದ ಕಡತ, ಮೋಡಿ ಅಕ್ಷರದ ಕಾಗದ. ನಮ್ಮಪ್ಪಗೆ ನಾಟಕದ ಹುಚ್ಚು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಕಂಪನಿ ಹ್ಯಾಂಡ್‌ಬಿಲ್ ಒಂದೂ ಬಿಟ್ಟಿಲ್ಲ. ಚಿಕ್ಕಪ್ಪ ಹರಿಹರದ ಕಿರ್ಲೋಸ್ಕರ್‌ನಾಗೆ ಲೇತ್ ಮ್ಯಾಲೆ ಕೆಲಸ ಮಾಡಿದೋರು, ಅವರ ಗುಂಪಿನ ಫೋಟೋ ಅದಾವೆ. ತಳದಾಗೆ ಬೆಣ್ಣೆ ಕಾಗದದ ಲಕೋಟೆಯೊಳಗೆ ನೆಗೆಟಿವ್.

ಗ್ರಂಥಪಾಲಕಿ: ಅಂದರೆ ನಾಲ್ಕು ಜಾತಿಯ ವಸ್ತು. ಗಟ್ಟಿ ಕಾಗದ, ದುರ್ಬಲ ಕಾಗದ, ಬಟ್ಟೆ, ಫಿಲ್ಮ್. ಕಾಗದ, ಬಟ್ಟೆ, ಫೋಟೋ ಮೂರೂ ಬಿದ್ದ ಬೆಳಕನ್ನು ಹಿಂದಕ್ಕೆ ಕೊಡುತ್ತವೆ. ಫಿಲ್ಮ್ ಹಾಗಲ್ಲ, ಬೆಳಕು ಅದರ ಒಳಗಿಂದ ಹಾದು ಬರಬೇಕು. ಕಾಗದದ ಸ್ಕ್ಯಾನರಿನಲ್ಲಿ ದೀಪ, ಕಣ್ಣು ಎರಡೂ ಒಂದೇ ಕಡೆ ಇರುತ್ತವೆ. ಫಿಲ್ಮ್ ಸ್ಕ್ಯಾನರಿನಲ್ಲಿ ದೀಪ ಒಂದು ಕಡೆ, ಕಣ್ಣು ಇನ್ನೊಂದು ಕಡೆ. ಎರಡನ್ನೂ ಚೆನ್ನಾಗಿ ಮಾಡುವ, ಬ್ಯಾಗಿನಲ್ಲಿ ಹಿಡಿಯುವ ಒಂದೇ ಯಂತ್ರ ಸಿಗೋದು ಕಷ್ಟ ಅನ್ನೋದು ಇದಕ್ಕೇ.

ಯಜಮಾನರು: ಮಗ ಒಂದು ತೆಳ್ಳನೆ ಸ್ಕ್ಯಾನರ್ ತೋರ್ಸಿದ್ದ. ಗಾಜಿನ ಮ್ಯಾಲೆ ಇಟ್ರೆ ಸಾಕು, ಕರೆಂಟಿನ ಅಡಾಪ್ಟರೂ ಬ್ಯಾಡ, ಲ್ಯಾಪ್‌ಟಾಪಿನ ಯುಎಸ್‌ಬಿ ತಂತಿಯೊಳಗೇ ಓಡ್ತತಿ ಅಂದ. ಅದರ ಮ್ಯಾಲೆ ನೆಗೆಟಿವ್ ಇಟ್ರೆ ಆಗಲ್ಲೇನು?

ಗ್ರಂಥಪಾಲಕಿ: ಕ್ಯಾನನ್ ಲೈಡ್ 300, ಲೈಡ್ 400 ಥರದ್ದು ಇರಬೇಕು. ತೂಕ ಸುಮಾರು 1.7 ಕಿಲೋ. ಹಳ್ಳಿಯಲ್ಲಿ ಕರೆಂಟು ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲೇ ಕೆಲಸ ನಡೆಯುತ್ತೆ, ಕಾಗದಕ್ಕೆ ಒಳ್ಳೆಯ ಯಂತ್ರ. ಆದರೆ ಅದರೊಳಗಿನ ಸೆನ್ಸರ್ ಕಾಗದಕ್ಕೆ ಅಂಟಿದಷ್ಟು ಹತ್ತಿರದಲ್ಲಿ ಓಡುತ್ತೆ. ಗಾಜಿಗೆ ತಾಗಿದ್ದು ಮಾತ್ರ ಸ್ಪಷ್ಟ, ಒಂದೆರಡು ಮಿಲಿಮೀಟರ್ ಮೇಲೆದ್ದದ್ದು ಮಸುಕು. ಮುಚ್ಚಳದಲ್ಲಿ ದೀಪ ಇಲ್ಲ, ಹಾಗಾಗಿ ನೆಗೆಟಿವ್ ಇಟ್ಟರೆ ಕಪ್ಪು ಪಟ್ಟಿ ಬರುತ್ತೆ, ಅಷ್ಟೆ. 2400, 4800 ಅನ್ನೋ ಸಂಖ್ಯೆ ನೋಡಿ ಫಿಲ್ಮಿಗೂ ಆಗುತ್ತೆ ಅಂದುಕೊಳ್ಳಬಾರದು.

ಸ್ಟುಡಿಯೋದವರು: ಕಾಗದಕ್ಕೂ ಅದು ಪೂರ್ತಿ ಸಾಲದಲ್ಲ. ಆ ಗಾಜು ಎ4 ಅಳತೆಯದು, ನಿಮ್ಮ ಛಾಪಾ ಕಾಗದ ಅದಕ್ಕಿಂತ ಉದ್ದ.

ಗ್ರಂಥಪಾಲಕಿ: ಸರಿಯಾಗಿ ಹೇಳಿದಿರಿ. ಎ4 ಗಾಜಿನ ಉದ್ದ 297 ಮಿಲಿಮೀಟರ್. ಲೀಗಲ್ ಅಳತೆಯ ಹಾಳೆ ಸುಮಾರು 356. ಕ್ರಯಪತ್ರದ ಕೆಳಗಿನ ಎರಡು ಅಂಗುಲ ಹೊರಗೆ ಉಳಿಯುತ್ತೆ, ಸಹಿ, ಹೆಬ್ಬೆಟ್ಟು, ಸಾಕ್ಷಿಗಳ ಹೆಸರು ಇರೋದು ಅಲ್ಲೇ. ಹಾಗೆ ಉಳಿದರೆ ಮೇಲಿನ ಭಾಗ ಒಂದು ಸಲ, ಕೆಳಗಿನ ಭಾಗ ಒಂದು ಸಲ ತೆಗೆದು, ನಡುವೆ ನಾಲ್ಕು ಬೆರಳಿನಷ್ಟು ಎರಡರಲ್ಲೂ ಬರೋ ಹಾಗೆ ನೋಡಿಕೊಳ್ಳಬೇಕು. ಹಾಳೆ ಮಡಚಿ ಗಾಜಿಗೆ ಹೊಂದಿಸೋದು ಮಾತ್ರ ಬೇಡ. ಎಂಬತ್ತು ವರ್ಷದ ಕಾಗದ ಹೊಸ ಜಾಗದಲ್ಲಿ ಮಡಚಿದರೆ ಅಲ್ಲೇ ಸೀಳುತ್ತೆ.

ಯಜಮಾನರು: ಕೋಲಿನಂಗೆ ಇರೋದು ಒಂದು ಬರ್ತತಲ್ಲ? ಹಾಳೆ ತೂರಿಸಿದ್ರೆ ಒಂದು ಕಡೆಯಿಂದ ಎಳ್ಕೊಂಡು ಇನ್ನೊಂದು ಕಡೆ ಬಿಡ್ತತಿ. ಬ್ಯಾಂಕಿನಾಗೆ ನೋಡೀನಿ.

ಗ್ರಂಥಪಾಲಕಿ: ಬ್ಯಾಗಿನಲ್ಲಿ ಒಯ್ಯೋಕೆ ಅದು ಬಹಳ ಹಗುರ. ಎಪ್ಸನ್ ಇಎಸ್-50 ಸುಮಾರು 270 ಗ್ರಾಂ. ಸ್ಕ್ಯಾನ್‌ಸ್ನ್ಯಾಪ್ ಐಎಕ್ಸ್100 ಸುಮಾರು 400 ಗ್ರಾಂ. ಅದರಲ್ಲಿ ಬ್ಯಾಟರಿಯೂ ಇದೆ, ವೈಫೈಯೂ ಇದೆ, ಒಂದು ಹಾಳೆಗೆ ಐದು ಸೆಕೆಂಡ್ ಚಿಲ್ಲರೆ. ಉದ್ದದ ಹಾಳೆಗೂ ತೊಂದರೆಯಿಲ್ಲ, ಎಳೆದುಕೊಳ್ಳುತ್ತಾ ಹೋಗುತ್ತೆ. ಇತ್ತೀಚಿನ ಗಟ್ಟಿ ಕಾಗದಗಳಿಗೆ, ಬ್ಯಾಂಕಿನ ಪತ್ರ, ಶಾಲೆಯ ಟಿ.ಸಿ., ಕಂಪ್ಯೂಟರ್ ಪಹಣಿಗಳಿಗೆ ಅದು ಬಹಳ ಚೆನ್ನ. ಆದರೆ ಅದು ಕಾಗದವನ್ನು ರಬ್ಬರ್ ರೋಲರಿನಿಂದ ಹಿಡಿದು ಎಳೆಯುತ್ತೆ. ಅಂಚು ಹರಿದದ್ದು, ಗೆದ್ದಲು ತಿಂದದ್ದು, ಅಂಟು ಹಾಕಿ ಜೋಡಿಸಿದ್ದು ಅದರೊಳಗೆ ಹೋದರೆ ಹಿಂದೆ ಬರೋ ಗ್ಯಾರಂಟಿ ಇಲ್ಲ. ಮರಳಿನ ಒಂದು ಕಾಳು ಸೆನ್ಸರಿನ ಗಾಜಿನ ಮೇಲೆ ಕೂತರೆ ಆಮೇಲೆ ತೆಗೆದ ಹಾಳೆಗಳೆಲ್ಲ ಉದ್ದಕ್ಕೂ ಗೆರೆ ಹೊತ್ತು ಬರುತ್ತವೆ.

ಯಜಮಾನರು: ಹ್ಯಾಂಡ್‌ಬಿಲ್?

ಗ್ರಂಥಪಾಲಕಿ: ಅವನ್ನು ಖಂಡಿತ ಎಳೆಸಬೇಡಿ. ಕಂಪನಿ ನಾಟಕದ ಹ್ಯಾಂಡ್‌ಬಿಲ್ ಒಂದು ಸಂಜೆಯ ಮಟ್ಟಿಗೆ ಬಾಳಲಿ ಅಂತ ಅಗ್ಗದ ಬಣ್ಣದ ಕಾಗದದ ಮೇಲೆ ಅಚ್ಚಾಗಿದ್ದು. ಆ ಕಾಗದದಲ್ಲೇ ಆಮ್ಲ ಇರುತ್ತೆ, ವರ್ಷ ಹೋದ ಹಾಗೆ ಅದೇ ಕಾಗದವನ್ನು ಒಳಗಿಂದ ಸುಡುತ್ತೆ. ಮುಟ್ಟಿದರೆ ಪುಡಿಯಾಗೋದು ಅದಕ್ಕೇ. ಅವಕ್ಕೆ ಗಾಜಿನ ಸ್ಕ್ಯಾನರೇ ಸರಿ. ಹಾಳೆಯನ್ನು ಇನ್ನೊಂದು ದಪ್ಪ ಬಿಳಿ ಹಾಳೆಯ ಮೇಲಿಟ್ಟು, ಎರಡನ್ನೂ ಒಟ್ಟಿಗೆ ಎತ್ತಿ ಗಾಜಿನ ಮೇಲೆ ಬೋರಲು ಹಾಕಬೇಕು. ದಾವಣಗೆರೆಯ ರಂಗಭೂಮಿಯ ಚರಿತ್ರೆ ಬರೆಯುವವರಿಗೆ ಯಾವ ನಾಟಕ ಯಾವ ಊರಲ್ಲಿ ಆಡಿತು, ಟಿಕೆಟ್ ದರ ಎಷ್ಟು, ಯಾರು ಯಾವ ಪಾತ್ರ ಅನ್ನೋದಕ್ಕೆ ಈ ಹಾಳೆಗಳಿಗಿಂತ ಒಳ್ಳೆಯ ಆಧಾರ ಸಿಗೋದು ಕಷ್ಟ.

ಯಜಮಾನರು: ಕಡತಕ್ಕೆ ಏನ್ ಮಾಡೋದು? ಇದನ್ನ ಬಿಡಿಸಿದ್ರೆ ಮಾರುದ್ದ ಬರ್ತತಿ.

ಗ್ರಂಥಪಾಲಕಿ: ಇದನ್ನು ಗಾಜಿಗೂ ತಾಗಿಸಬಾರದು. ಕಡತ ಅಂದರೆ ಬಟ್ಟೆಗೆ ಸರಿ, ಇದ್ದಿಲ ಪುಡಿ ಬಳಿದು ಹಲಗೆಯ ಹಾಗೆ ಕಪ್ಪು ಮಾಡಿ, ಒಣಗಿಸಿ, ಪದರ ಪದರವಾಗಿ ಮಡಚಿದ್ದು. ಬರೆಯೋದು ಬಳಪದಲ್ಲಿ. ಒರೆಸಿ ಮತ್ತೆ ಬರೆಯಬಹುದಿತ್ತು, ಅದಕ್ಕೇ ಲೆಕ್ಕಪತ್ರಕ್ಕೆ ಅದು ಅಷ್ಟು ಹೊಂದಿತ್ತು. ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ 1810ರ ಹೊತ್ತಿಗೇ ಇದನ್ನು ವಿವರಿಸಿದ್ದಾನೆ. ಶೃಂಗೇರಿ ಮಠದಲ್ಲಿ ಉಳಿದಿರುವ ಕಡತಗಳಿಂದ ನಮ್ಮ ಚರಿತ್ರೆಯ ಎಷ್ಟೋ ಸಂಗತಿ ತಿಳಿದುಬಂದಿವೆ. ಈಗ ಯೋಚನೆ ಮಾಡಿ. ಒರೆಸಿದರೆ ಹೋಗೋ ಬರಹವನ್ನು ಗಾಜಿಗೆ ಒತ್ತಿದರೆ ಏನಾಗುತ್ತೆ?

ಯಜಮಾನರು: ಗಾಜಿಗೆ ಹತ್ಕಂತತಿ.

ಗ್ರಂಥಪಾಲಕಿ: ಹೌದು, ಬಟ್ಟೆಯಲ್ಲಿ ಉಳಿಯೋದು ಕಪ್ಪು ಮಾತ್ರ. ಇದಕ್ಕೆ ಮೇಲಿಂದ ನೋಡುವ ಸ್ಕ್ಯಾನರ್ ಬೇಕು. ಕಂಬಕ್ಕೆ ಕ್ಯಾಮೆರಾ ಸಿಕ್ಕಿಸಿದ ಹಾಗಿರುತ್ತೆ. ಸಿಜರ್ ಅನ್ನೋ ಕಂಪನಿ ಮಾಡುತ್ತೆ, ಸ್ಕ್ಯಾನ್‌ಸ್ನ್ಯಾಪಿನಲ್ಲಿ ಎಸ್‌ವಿ600 ಇದೆ. ವಸ್ತು ಮೇಜಿನ ಮೇಲೆ ಮಲಗಿರುತ್ತೆ, ಯಂತ್ರ ಅದನ್ನು ಮುಟ್ಟೋದೇ ಇಲ್ಲ. ಹೊಲಿದ ಪುಸ್ತಕ, ದಪ್ಪ ಖಾತೆ ವಹಿ, ಕಡತ ಎಲ್ಲಕ್ಕೂ ಇದೇ ಮೇಲು. ಬೆಂಗಳೂರಿನಲ್ಲಿ ಹಳೆಯ ಕನ್ನಡ ಪುಸ್ತಕಗಳನ್ನು ಇಂಟರ್ನೆಟ್ ಆರ್ಕೈವಿಗೆ ಏರಿಸುವ ಕೆಲಸ ನಡೀತಿದೆಯಲ್ಲ, ಅಲ್ಲೂ ಕ್ಯಾಮೆರಾ ಮೇಲಿರುತ್ತೆ, ಪುಸ್ತಕ ತೊಟ್ಟಿಲಿನಂಥ ಪೀಠದ ಮೇಲೆ ಅರ್ಧ ತೆರೆದು ಕೂತಿರುತ್ತೆ, ಬೆನ್ನು ಮುರಿಯೋದಿಲ್ಲ.

ಸ್ಟುಡಿಯೋದವರು: ಕಪ್ಪು ಬಟ್ಟೆಗೆ ಒಂದು ಮಾತು ಸೇರಿಸ್ತೀನಿ. ಯಂತ್ರದ ಸ್ವಯಂಚಾಲಿತ ಅಳತೆಗೆ ಬಿಟ್ಟರೆ ಕಪ್ಪನ್ನು ಬೂದು ಮಾಡೋಕೆ ಹೋಗಿ ಬಿಳಿ ಅಕ್ಷರವನ್ನು ಸುಟ್ಟುಹಾಕುತ್ತೆ. ಎಕ್ಸ್‌ಪೋಷರ್ ಇಳಿಸಬೇಕು. ದೀಪ ನೆತ್ತಿಯ ಮೇಲಿಂದ ಬೇಡ, ಎರಡು ಪಕ್ಕದಿಂದ ಓರೆಯಾಗಿ ಬೀಳಲಿ. ಅಕ್ಷರ ಅಳಿಸಿದ ಕಡೆ ಒಂದೇ ಪಕ್ಕದ ದೀಪ ಇಟ್ಟು ಇನ್ನೊಂದು ಚಿತ್ರ ತೆಗೀರಿ. ಬಳಪ ಒತ್ತಿದ ಗೀರು ನೆರಳಾಗಿ ಕಾಣಿಸಬಹುದು.

ಯಜಮಾನರು: ಅಂದ್ರೆ ಕ್ಯಾಮೆರಾದ ಕೆಲಸಾನೇ ಆತಲ್ಲ ಇದು. ಹಂಗಾದ್ರೆ ಮೊಬೈಲ್ ಸಾಕಲ್ಲೇನು? ಮಗನೂ ಅದನ್ನೇ ಅಂತಾನೆ.

ಗ್ರಂಥಪಾಲಕಿ: ಮೊಬೈಲನ್ನು ಹಗುರ ಮಾಡಬೇಡಿ. ಸ್ಟ್ಯಾಂಡಿಗೆ ಸಿಕ್ಕಿಸಿ, ಕಾಗದಕ್ಕೆ ಸಮಾನಾಂತರವಾಗಿ ಹಿಡಿದು, ಕಿಟಕಿಯ ಬೆಳಕಲ್ಲಿ ತೆಗೆದರೆ ಓದೋಕೆ ಬೇಕಾದಷ್ಟು ಸಿಗುತ್ತೆ. ತೊಂದರೆ ಇರೋದು ಸ್ಕ್ಯಾನ್ ಮಾಡುವ ಆ್ಯಪ್‌ಗಳ ಅಭ್ಯಾಸದಲ್ಲಿ. ಅವು ಹಾಳೆಯನ್ನು ಬೆಳ್ಳಗೆ ಮಾಡಿ ಅಕ್ಷರವನ್ನು ಕಪ್ಪಗೆ ಮಾಡುತ್ತವೆ. ಆ ತೊಳೆತದಲ್ಲಿ ಮಾಸಿದ ನೀಲಿ ಮೊಹರು, ಪೆನ್ಸಿಲಿನ ಷರಾ, ಹೆಬ್ಬೆಟ್ಟಿನ ಗೆರೆ ಹೋಗಿಬಿಡಬಹುದು. ಉಳಿಸೋ ಪ್ರತಿಗೆ ಫಿಲ್ಟರ್ ಬೇಡ, ಬಣ್ಣದಲ್ಲೇ ಇರಲಿ. ಇನ್ನೊಂದು, ಆಸ್ತಿಪತ್ರದ ಚಿತ್ರ ಆ್ಯಪ್ ಮೂಲಕ ಯಾರದೋ ಸರ್ವರಿಗೆ ಹೋಗುತ್ತಾ ಅಂತ ನೋಡಿಕೊಳ್ಳಿ. ಬಹಳ ಜನ ಬಳಸ್ತಿದ್ದ ಕ್ಯಾಮ್‌ಸ್ಕ್ಯಾನರನ್ನು 2020ರ ಜೂನಿನಲ್ಲಿ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳ ಪಟ್ಟಿಯಲ್ಲಿ ಸೇರಿಸಿತ್ತು. ಚಿತ್ರ ಫೋನಿನಲ್ಲೇ ಉಳಿಯುವ ಸಾದಾ ಕ್ಯಾಮೆರಾ ಸಾಕು.

ಯಜಮಾನರು: ಈಗ ನೆಗೆಟಿವ್ ಮಾತಿಗೆ ಬರ್ರಿ. ಅದು ನಿಮ್ಮದು.

ಸ್ಟುಡಿಯೋದವರು: ಲಕೋಟೆ ಕೊಡಿ... ನೋಡಿ, ಇದು ಚೌಕದ ನೆಗೆಟಿವ್. 120 ಫಿಲ್ಮ್, ಆರು ಸೆಂಟಿಮೀಟರ್ ಲೆಕ್ಕದ್ದು. ಒಳಗಿನ ಚಿತ್ರ 56 ಮಿಲಿಮೀಟರ್ ಚೌಕ. ಮನೆಯ ಮಂದಿ ಆಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾದಲ್ಲಿ ತೆಗೆದದ್ದೂ ಇದೇ ಅಳತೆ, ನಾವು ಸ್ಟುಡಿಯೋದಲ್ಲಿ ಎರಡು ಲೆನ್ಸಿನ ಕ್ಯಾಮೆರಾದಲ್ಲಿ ತೆಗೆದದ್ದೂ ಇದೇ. ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮ್ ಹಾಕ್ತಿದ್ದ ಕಾಲ. ಇಲ್ಲಿ ಕೆಳಗಿನ ಪಟ್ಟಿಗಳು ಆಮೇಲಿನವು, 35 ಮಿಲಿಮೀಟರ್. ಅದರ ಚಿತ್ರ 24ಕ್ಕೆ 36. ಸ್ಕ್ಯಾನರ್ ಆರಿಸೋಕೆ ಈ ಎರಡು ಅಳತೆ ಗೊತ್ತಿದ್ದರೆ ಅರ್ಧ ಕೆಲಸ ಮುಗೀತು.

ಯಜಮಾನರು: ಅಳತೆಗೂ ಯಂತ್ರಕ್ಕೂ ಏನು ಸಂಬಂಧ?

ಸ್ಟುಡಿಯೋದವರು: ಪೇಟೆಯಲ್ಲಿ ಸಿಗೋ ಪುಟ್ಟ ಫಿಲ್ಮ್ ಸ್ಕ್ಯಾನರುಗಳು ಬಹುಪಾಲು 35 ಮಿಲಿಮೀಟರಿಗೆ ಮಾಡಿದವು. ಕೋಡಕ್ ಸ್ಲೈಡ್ ಎನ್ ಸ್ಕ್ಯಾನ್ ನೋಡಿ. ಕಂಪ್ಯೂಟರ್ ಬೇಡ, ಅದರಲ್ಲೇ ಪರದೆ ಇದೆ, ಫಿಲ್ಮ್ ಪಟ್ಟಿ ತೂರಿಸಿ ಗುಂಡಿ ಒತ್ತಿದರೆ ಕ್ಷಣದಲ್ಲಿ ಚಿತ್ರ ಮೆಮೊರಿ ಕಾರ್ಡಿಗೆ. ಮನೆಮಂದಿ ಕೂತು ಯಾವ ಪಟ್ಟಿಯಲ್ಲಿ ಏನಿದೆ ಅಂತ ನೋಡೋಕೆ ಅದಕ್ಕಿಂತ ಸುಲಭದ್ದಿಲ್ಲ. ಆದರೆ ಅದು ಕೊಡೋದು ಜೆಪಿಜಿ ಮಾತ್ರ. 22 ಮೆಗಾಪಿಕ್ಸೆಲ್ ಅನ್ನೋದು ಸೆನ್ಸರ್ ಕಂಡದ್ದನ್ನು ಹಿಗ್ಗಿಸಿ ಕೊಟ್ಟ ಲೆಕ್ಕ. ನಿಮ್ಮ ಈ ಚೌಕದ ನೆಗೆಟಿವ್ ಅದರ ಬಾಯಿಗೆ ಹಿಡಿಯೋದೇ ಇಲ್ಲ.

ಗ್ರಂಥಪಾಲಕಿ: ಪ್ಲಸ್‌ಟೆಕ್ ಆಪ್ಟಿಕ್‌ಫಿಲ್ಮ್?

ಸ್ಟುಡಿಯೋದವರು: 35 ಮಿಲಿಮೀಟರಿಗೆ ಬ್ಯಾಗಿನಲ್ಲಿ ಒಯ್ಯುವ ಯಂತ್ರಗಳಲ್ಲಿ ನನಗೆ ಅದೇ ಇಷ್ಟ. ಒಂದೂವರೆ ಕಿಲೋಗೆ ಸ್ವಲ್ಪ ಜಾಸ್ತಿ. ಪೆಟ್ಟಿಗೆಯ ಮೇಲೆ 7200 ಅಂತ ಬರೆದಿರುತ್ತೆ. ಪರೀಕ್ಷಾ ಪಟ್ಟಿ ಇಟ್ಟು ಅಳೆದವರಿಗೆ ಸಿಕ್ಕಿರೋದು ಅದರ ಅರ್ಧದಷ್ಟು. ಆ ಅರ್ಧವೂ 35 ಮಿಲಿಮೀಟರ್ ಚಿತ್ರಕ್ಕೆ 17 ಮೆಗಾಪಿಕ್ಸೆಲಿನ ಆಸುಪಾಸು ಕೊಡುತ್ತೆ, ಸಾಕು. ಆದರೆ ಒಂದೊಂದೇ ಚಿತ್ರವನ್ನು ಕೈಯಿಂದ ಸರಿಸಬೇಕು, ಒಂದೊಂದಕ್ಕೂ ನಿಮಿಷಗಟ್ಟಲೆ ಹಿಡಿಯುತ್ತೆ. 120 ಇದರಲ್ಲೂ ಹಿಡಿಯೋದಿಲ್ಲ. ಚೌಕದ ನೆಗೆಟಿವ್‌ಗೆ ಎಪ್ಸನ್ ಪರ್ಫೆಕ್ಷನ್ ವಿ600 ಥರದ ಗಾಜಿನ ಸ್ಕ್ಯಾನರ್ ಬೇಕು, ಮುಚ್ಚಳದಲ್ಲಿ ದೀಪ ಇರೋದು. ತೂಕ ನಾಲ್ಕು ಕಿಲೋ, ಕರೆಂಟಿನ ಅಡಾಪ್ಟರೂ ಬೇಕು. ಬ್ಯಾಗಿನದ್ದಲ್ಲ, ಕಾರಿನ ಡಿಕ್ಕಿಯದ್ದು. ಅದರ ಮೇಲೆ 6400 ಅಂತ ಇದೆ. ಅಳೆದಾಗ ಸಿಗೋದು 1600ರ ಆಸುಪಾಸು.

ಯಜಮಾನರು: ನಾಲ್ಕು ಪಾಲಿನಾಗೆ ಒಂದು ಪಾಲಾತಲ್ಲ! ಅಂಥದ್ದನ್ನ ಯಾಕೆ ತಗೋಬೇಕು?

ಸ್ಟುಡಿಯೋದವರು: ಇಲ್ಲೇ ಫಿಲ್ಮಿನ ಅಳತೆ ಕೈ ಹಿಡಿಯೋದು. ನೀವು ಬೇಸಾಯದವರು, ಸಾಲಿನ ಲೆಕ್ಕದಲ್ಲಿ ಹೇಳ್ತೀನಿ. ಸಾಲಿಂದ ಸಾಲಿಗೆ ಅಂತರ ಒಂದೇ ಇಟ್ಟರೂ ದೊಡ್ಡ ಹೊಲದಲ್ಲಿ ಸಾಲು ಹೆಚ್ಚು. ಒಂದು ಅಂಗುಲಕ್ಕೆ 1600 ಚುಕ್ಕೆ ಅಂದರೆ 35 ಮಿಲಿಮೀಟರ್ ಚಿತ್ರಕ್ಕೆ ಸುಮಾರು 1500ಕ್ಕೆ 2270 ಚುಕ್ಕೆ, ಮೂರೂವರೆ ಮೆಗಾಪಿಕ್ಸೆಲಿಗೂ ಕಡಿಮೆ. ಏಳೂವರೆ ಅಂಗುಲಕ್ಕಿಂತ ದೊಡ್ಡ ಅಚ್ಚು ತೆಗೆದರೆ ಸಡಿಲ ಬೀಳುತ್ತೆ. ಅದೇ 1600 ಈ ಚೌಕಕ್ಕೆ 3500ಕ್ಕೆ 3500, ಅಂದರೆ 12 ಮೆಗಾಪಿಕ್ಸೆಲ್. ಹನ್ನೊಂದು ಅಂಗುಲದ ಅಚ್ಚು ನಿರಾಳವಾಗಿ ಬರುತ್ತೆ. ಒಂದೇ ಯಂತ್ರ, ಒಂದಕ್ಕೆ ಬಡವ, ಇನ್ನೊಂದಕ್ಕೆ ಸಾಹುಕಾರ.

ಗ್ರಂಥಪಾಲಕಿ: ಈ ಯಂತ್ರಗಳಲ್ಲಿ ಧೂಳು, ಗೀರು ತೆಗೆಯೋ ಇನ್ಫ್ರಾರೆಡ್ ಸೌಲಭ್ಯದ ಬಗ್ಗೆ ಬಹಳ ಹೇಳ್ತಾರೆ. ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಕಾ?

ಸ್ಟುಡಿಯೋದವರು: ಈ ಟ್ರಂಕಿಗೆ ಬೇಡ. ಬಣ್ಣದ ಫಿಲ್ಮಿನಲ್ಲಿ ಕೊನೆಗೆ ಉಳಿಯೋದು ಬಣ್ಣ ಮಾತ್ರ, ಅದರ ಮೂಲಕ ಇನ್ಫ್ರಾರೆಡ್ ಕಿರಣ ಹಾದುಹೋಗುತ್ತೆ. ತಡೆಯೋದು ಧೂಳು, ಗೀರು. ಯಂತ್ರ ಅವನ್ನು ಗುರುತಿಸಿ ಮುಚ್ಚುತ್ತೆ. ಕಪ್ಪು ಬಿಳುಪು ಫಿಲ್ಮಿನಲ್ಲಿ ಚಿತ್ರ ಆಗಿರೋದೇ ಬೆಳ್ಳಿಯಿಂದ. ಬೆಳ್ಳಿ ಇನ್ಫ್ರಾರೆಡ್ಡನ್ನೂ ತಡೆಯುತ್ತೆ. ಯಂತ್ರಕ್ಕೆ ಮುಖವೂ ಧೂಳಿನ ಹಾಗೆ ಕಾಣುತ್ತೆ, ಅಳಿಸೋಕೆ ಹೋಗುತ್ತೆ. ಬೆಳ್ಳಿಯ ನೆಗೆಟಿವ್ ಇಟ್ಟಾಗ ಆ ಸೌಲಭ್ಯವನ್ನು ಬಂದ್ ಮಾಡಿರಬೇಕು. ಧೂಳು ಹೋಗೋಕೆ ರಬ್ಬರ್ ಬುರುಡೆಯ ಗಾಳಿ, ಮೆತ್ತನೆಯ ಕುಂಚ ಸಾಕು.

ಯಜಮಾನರು: ಒದ್ದೆ ಬಟ್ಟೇಲಿ ಒರೆಸಬಹುದೇನು?

ಸ್ಟುಡಿಯೋದವರು: ಬೇಡ, ಬೇಡ! ಇದನ್ನು ಓರೆ ಹಿಡಿದು ಬೆಳಕಿಗೆ ನೋಡಿ. ಕೆನ್ನೆಯ ಮೇಲೆ ಸಣ್ಣ ಸಣ್ಣ ಪೆನ್ಸಿಲ್ ಗೆರೆ ಕಾಣ್ತಿದೆಯಲ್ಲ? ಅದು ರಿಟಚಿಂಗ್. ಹರಿತ ಮಾಡಿದ ಸೀಸದ ಕಡ್ಡಿಯಲ್ಲಿ ನೆಗೆಟಿವ್ ಮೇಲೇ ಕೂತು ಸುಕ್ಕು, ಮೊಡವೆ, ಕಣ್ಣಿನ ಕೆಳಗಿನ ಕಪ್ಪು ತುಂಬ್ತಿದ್ದರು. ಮದುವೆ ಗೊತ್ತಾಗೋ ಮುಂಚಿನ ಫೋಟೋ ಆದರೆ ಇನ್ನೂ ಜಾಗ್ರತೆಯಿಂದ. ಸ್ಟುಡಿಯೋ ಕಸುಬಿನಲ್ಲಿ ಅತ್ಯಂತ ನಾಜೂಕಿನ ಕೆಲಸ ಅದು. ಒಂದು ಸಲ ಒರೆಸಿದರೆ ಆ ಕೈಚಳಕ ಪೂರ್ತಿ ಹೋಯಿತು. ಸ್ಕ್ಯಾನರ್ ಆ ಗೆರೆಗಳನ್ನೂ ಹಿಡಿಯುತ್ತೆ, ಹಿಡಿಯಲಿ. ಚಿತ್ರದಷ್ಟೇ ಅದೂ ದಾಖಲೆ.

ಗ್ರಂಥಪಾಲಕಿ: ಕ್ಯಾಮೆರಾದಿಂದ ನೆಗೆಟಿವ್ ತೆಗೆಯೋದು ಈಗ ಹೆಚ್ಚು ರೂಢಿಗೆ ಬರ್ತಿದೆ. ಯಜಮಾನರ ಮಗನ ಹತ್ತಿರ ಒಳ್ಳೆಯ ಕ್ಯಾಮೆರಾ ಇದೆ.

ಸ್ಟುಡಿಯೋದವರು: ಹಾಗಾದರೆ ಅದೇ ದಾರಿ. ಮ್ಯಾಕ್ರೋ ಲೆನ್ಸ್, ಅಲುಗದ ಸ್ಟ್ಯಾಂಡು, ಕೆಳಗಿಂದ ಬೆಳಗುವ ಎಲ್‌ಇಡಿ ಫಲಕ. ಫಲಕ ಕೊಳ್ಳುವಾಗ ಸಿಆರ್‌ಐ 95ಕ್ಕಿಂತ ಮೇಲಿದೆಯಾ ಅಂತ ನೋಡಿ, ಬಣ್ಣ ಸರಿಯಾಗಿ ಬರೋದು ಅದರ ಮೇಲೆ. ನೆಗೆಟಿವ್ ಚಪ್ಪಟೆಯಾಗಿ ಹಿಡಿಯೋ ಚೌಕಟ್ಟು ಬೇಕು. ಸುರುಳಿ ಎದ್ದರೆ ಅಂಚು ಮಸುಕು. ಗಾಜಿಗೆ ಒತ್ತಿದರೆ ಎಣ್ಣೆ ಬಿದ್ದ ನೀರಿನ ಮೇಲಿನಂಥ ಬಳೆ ಬಳೆ ಕಲೆ ಬರುತ್ತೆ. ಒಮ್ಮೆ ಹೊಂದಿಸಿದರೆ ಒಂದೊಂದು ಚಿತ್ರಕ್ಕೆ ಕೆಲವೇ ಸೆಕೆಂಡು, ಚೌಕವೂ ಆಗುತ್ತೆ, ಪಟ್ಟಿಯೂ ಆಗುತ್ತೆ. ಎಲ್ಲ ಬಿಚ್ಚಿ ಒಂದು ಬ್ಯಾಗಿಗೆ ಹಾಕಬಹುದು. ಅದೇ ಸ್ಟ್ಯಾಂಡಿನಲ್ಲಿ ದೀಪ ಪಕ್ಕಕ್ಕಿಟ್ಟರೆ ಕಡತದ ಚಿತ್ರವೂ ಆಯಿತು.

ಯಜಮಾನರು: ಅಂದ್ರೆ ನಾನು ಮೊದಲು ಕೇಳಿದ ಒಂದೇ ಯಂತ್ರ ಇದೇ ಅಂತೀರೇನು?

ಗ್ರಂಥಪಾಲಕಿ: ಹೆಚ್ಚುಕಡಿಮೆ. ಆದರೆ ಅದು ಕೈ ಪಳಗಬೇಕಾದ ದಾರಿ. ರಾಶಿ ಕಾಗದಕ್ಕೆ ಗಾಜಿನ ಸ್ಕ್ಯಾನರೇ ಸುಲಭ. ಮುಚ್ಚಳ ಹಾಕಿದರೆ ಬೆಳಕು, ಫೋಕಸ್, ಅಳತೆ ಎಲ್ಲ ತಾನೇ ಒಂದೇ ಥರ ಬರುತ್ತೆ. ಕಾಗದಕ್ಕೆ ಅಂಗುಲಕ್ಕೆ 300, ಸಣ್ಣ ಫೋಟೋಗೆ 600, ಎಲ್ಲ ಬಣ್ಣದಲ್ಲಿ. ಫೋಟೋದ ಬೆನ್ನನ್ನೂ ಸ್ಕ್ಯಾನ್ ಮಾಡಿ, ಸ್ಟುಡಿಯೋ ಮೊಹರು, ತಾರೀಕು ಇರೋದು ಅಲ್ಲಿ.

ಸ್ಟುಡಿಯೋದವರು: ನೆಗೆಟಿವ್ ಲಕೋಟೆಯ ಮೇಲಿನ ನಂಬರೂ ಬೇಕು. ಸ್ಟುಡಿಯೋದ ರಿಜಿಸ್ಟರಿನಲ್ಲಿ ಆ ನಂಬರಿನ ಮುಂದೆ ಹೆಸರು, ಊರು ಬರೆದಿಡ್ತಿದ್ವಿ. ಆ ರಿಜಿಸ್ಟರುಗಳನ್ನು ಯಾರೂ ಸ್ಕ್ಯಾನ್ ಮಾಡಿಲ್ಲ. ನನಗೆ ನೆಗೆಟಿವ್‌ಗಿಂತ ಅವುಗಳದ್ದೇ ಚಿಂತೆ.

ಯಜಮಾನರು: ಎಲ್ಲಿಂದ ಶುರು ಮಾಡ್ಲಿ? ಮೇಲಿಂದ ತೆಗೀತಾ ಹೋಗ್ಲೇನು?

ಗ್ರಂಥಪಾಲಕಿ: ಬೇಗ ಸಾಯೋದರಿಂದ ಶುರು ಮಾಡಿ. ತೂಕದ ಚೀಟಿಗಳಲ್ಲಿ ಈ ನುಣುಪು ಚೀಟಿ ಥರ್ಮಲ್ ಕಾಗದ, ಅಕ್ಷರ ತಾನಾಗಿ ಮಾಸುತ್ತೆ. ಅದು ಮೊದಲು.

ಸ್ಟುಡಿಯೋದವರು: ಲಕೋಟೆ ತೆರೆದಾಗ ಹುಳಿ, ವಿನಿಗರ್ ವಾಸನೆ ಬಂದರೆ ಆ ನೆಗೆಟಿವ್ ಬೇರೆ ಇಡಿ. ಅಸಿಟೇಟ್ ಫಿಲ್ಮ್ ಕೊಳೀತಿದೆ ಅಂತ ಅರ್ಥ. ಆ ಆವಿ ಪಕ್ಕದವಕ್ಕೂ ಹಬ್ಬುತ್ತೆ, ಸೆಕೆ ಇದ್ದರೆ ಇನ್ನೂ ಬೇಗ. ನಮ್ಮ ಸೀಮೆಯ ಬೇಸಿಗೆಯಲ್ಲಿ ತಗಡಿನ ಟ್ರಂಕು ಒಲೆಯ ಹಾಗೆ ಕಾಯುತ್ತೆ. ಸ್ಕ್ಯಾನ್ ಮುಗಿದ ಮೇಲೂ ಅವನ್ನು ಇದರೊಳಗೆ ಇಡಬೇಡಿ. ಕಾಗದದ ಲಕೋಟೆಯಲ್ಲಿ ಹಾಕಿ, ಮನೆಯ ತಂಪಾದ ಒಣ ಗೋಡೆಯ ಕಪಾಟಿನಲ್ಲಿಡಿ.

ಯಜಮಾನರು: ಒಂದು ಮಾತು ಕೇಳ್ತೀನಿ. ಸರ್ಕಾರದೋರೇ ಎಲ್ಲ ಕಂಪ್ಯೂಟರಿಗೆ ಹಾಕ್ಯಾರಲ್ಲ. ಪಹಣಿ ಈಗ ಮೊಬೈಲಿನಾಗೆ ಬರ್ತತಿ. ನಾವ್ಯಾಕೆ ಇಷ್ಟು ಕಷ್ಟಪಡಬೇಕು?

ಗ್ರಂಥಪಾಲಕಿ: ನನಗೆ ಬಹಳ ಮುಖ್ಯ ಅನ್ನಿಸೋ ಪ್ರಶ್ನೆ ಇದು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂತು. 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋಯಿತು. ದೊಡ್ಡ ಕೆಲಸ. ಆದರೆ ಅಲ್ಲಿ ಆದದ್ದು ಪಹಣಿಯಲ್ಲಿದ್ದ ಮಾಹಿತಿಯನ್ನು ಟೈಪ್ ಮಾಡಿ ತುಂಬುವ ಕೆಲಸ. ಹಳೆಯ ಹಾಳೆಯ ಚಿತ್ರವೇ ಬೇಕು ಅಂತ ಈಗ ‘ಭೂ ಸುರಕ್ಷಾ’ದಲ್ಲಿ ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳನ್ನು ಸ್ಕ್ಯಾನ್ ಮಾಡ್ತಿದ್ದಾರೆ. ಎರಡರಲ್ಲೂ ಇರೋದು ಸರ್ಕಾರದ ಬಳಿ ಇರುವ ಕಾಗದ. ನಿಮ್ಮಜ್ಜ ದಾಯಾದಿಗೆ ಬರೆದ ಕಾಗದ, ನಾಲೆ ನೀರಿಗೆ ಊರವರು ಕೂಡಿ ಕೊಟ್ಟ ಅರ್ಜಿಯ ಪ್ರತಿ, ಚಿಕ್ಕಪ್ಪನ ಕಾರ್ಖಾನೆಯ ಗುಂಪಿನ ಫೋಟೋ, ಈ ಹ್ಯಾಂಡ್‌ಬಿಲ್ ಯಾವ ದಾಖಲೆ ಕೊಠಡಿಯಲ್ಲೂ ಇಲ್ಲ. ಊರಿನ ಚರಿತ್ರೆಯ ಅರ್ಧ ಭಾಗ ಕಚೇರಿಯಲ್ಲಿದ್ದರೆ ಇನ್ನರ್ಧ ಇಂಥ ಟ್ರಂಕುಗಳಲ್ಲಿದೆ.

ಸ್ಟುಡಿಯೋದವರು: ಟ್ರಂಕನ್ನು ಯಾರೂ ಪೇಟೆಗೆ ಕಳಿಸೋದಿಲ್ಲ. ಆಸ್ತಿಪತ್ರ ಇರೋ ಪೆಟ್ಟಿಗೆ ಬೇರೆಯವರ ಕೈಗೆ ಕೊಡೋಕೆ ಯಾರಿಗೂ ಧೈರ್ಯ ಬರಲ್ಲ, ಕೊಡಬಾರದು ಕೂಡ.

ಗ್ರಂಥಪಾಲಕಿ: ಅದಕ್ಕೇ ಯಂತ್ರ ಟ್ರಂಕಿನ ಹತ್ತಿರ ಬರಬೇಕು. ಒಯ್ಯುವ ಸ್ಕ್ಯಾನರಿನ ನಿಜವಾದ ಬೆಲೆ ಅದರ ತೂಕದಲ್ಲಿಲ್ಲ, ಅದರಿಂದ ದಾಖಲೆ ಮನೆ ಬಿಡಬೇಕಾಗಿಲ್ಲ ಅನ್ನೋದರಲ್ಲಿದೆ. ಹರಿಹರದ ಶಾಸನಗಳು ನಮಗೆ ಹೇಗೆ ಸಿಕ್ಕವು? ಹರಿಹರೇಶ್ವರ ಗುಡಿಯ ಕಲ್ಲನ್ನು ಬೆಂಗಳೂರಿಗೆ ಸಾಗಿಸೋಕಾಗುತ್ತಾ? ಶಾಸನಗಳನ್ನು ಕಲೆಹಾಕಿದ ಬಿ. ಎಲ್. ರೈಸ್ ಅವರ ಕಾಲದಲ್ಲಿ ಕಾಗದ, ಕುಂಚ, ಮಸಿ ಹೊತ್ತವರು ಕಲ್ಲಿದ್ದಲ್ಲಿಗೇ ಬಂದರು. ಒದ್ದೆ ಕಾಗದ ಕಲ್ಲಿಗೆ ಹಚ್ಚಿ, ತಟ್ಟಿ, ಮಸಿ ಒತ್ತಿ ಅಚ್ಚು ತೆಗೆದರು. ದಾವಣಗೆರೆ, ಹರಿಹರ ಆಗ ಚಿತ್ರದುರ್ಗ ಜಿಲ್ಲೆಯಲ್ಲಿದ್ದವು, ಹಾಗಾಗಿ ಅವು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೇ ಸಂಪುಟದಲ್ಲಿವೆ. ಈಗ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಮೂರು ಆಯಾಮದ ಸ್ಕ್ಯಾನರ್ ಹೊತ್ತು ಊರೂರಿನ ಕಲ್ಲಿನ ಬಳಿ ಹೋಗ್ತಿದ್ದಾರೆ. ಕಲ್ಲಿಗೆ ಕೊಟ್ಟ ಮರ್ಯಾದೆಯನ್ನು ಕಾಗದಕ್ಕೂ ಕೊಡೋಣ.

ಯಜಮಾನರು: ಸ್ಕ್ಯಾನ್ ಆದಮ್ಯಾಲೆ ಮೂಲ ಕಾಗದ ಬ್ಯಾಡಾಗ್ತತೇನು? ಕೋರ್ಟಿನಾಗೆ ಚಿತ್ರ ನಡೀತತಿ ಅಂತಾರೆ.

ಗ್ರಂಥಪಾಲಕಿ: ಮೂಲವನ್ನು ಯಾವತ್ತೂ ಬಿಸಾಡಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಡಿಜಿಟಲ್ ದಾಖಲೆಯನ್ನು ಒಪ್ಪುತ್ತೆ ನಿಜ, ಆದರೆ ಅದಕ್ಕೆ ಪ್ರಮಾಣಪತ್ರ ಬೇಕು, ಕ್ರಮ ಇದೆ. ಮನೆಯಲ್ಲಿ ತೆಗೆದ ಚಿತ್ರ ಕ್ರಯಪತ್ರದ ಜಾಗಕ್ಕೆ ಬರೋದಿಲ್ಲ. ಅದು ಮೂಲವನ್ನು ಪದೇ ಪದೇ ಮುಟ್ಟೋದನ್ನು ತಪ್ಪಿಸುತ್ತೆ, ಬೆಂಕಿ, ಪ್ರವಾಹ, ಗೆದ್ದಲಿನ ಕಾಲಕ್ಕೆ ಏನಿತ್ತು ಅಂತ ಹೇಳುತ್ತೆ. ಚಿತ್ರಕ್ಕೂ ಕಾವಲು ಬೇಕು: ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನದಲ್ಲಿ, ಒಂದು ಬೇರೆ ಊರಲ್ಲಿ. ಮೂಲ ಸ್ಕ್ಯಾನ್ ಟಿಫ್ ರೂಪದಲ್ಲಿ ಇರಲಿ, ಹಂಚೋಕೆ ಜೆಪಿಜಿ ಮಾಡಿಕೊಳ್ಳಿ. ಆಸ್ತಿಪತ್ರ ಅಂತರ್ಜಾಲಕ್ಕೆ ಬೇಡ. ಹ್ಯಾಂಡ್‌ಬಿಲ್, ಊರಿನ ಫೋಟೋ ಬೇಕಾದರೆ ಹಂಚಿ.

ಯಜಮಾನರು: ಇಷ್ಟೆಲ್ಲ ಒಬ್ಬೊಬ್ಬರೇ ಕೊಂಡ್ರೆ ದುಡ್ಡು ದಂಡ. ಒಂದು ಮನೆ ಟ್ರಂಕು ಮುಗಿದ್ರೆ ಯಂತ್ರ ಸುಮ್ನೆ ಕೂರ್ತತಿ.

ಗ್ರಂಥಪಾಲಕಿ: ಅದಕ್ಕೆ ನನ್ನದೊಂದು ಆಸೆ ಇದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಕಂಪ್ಯೂಟರುಗಳೂ ಬಂದಿವೆ. ಒಂದು ಗಾಜಿನ ಸ್ಕ್ಯಾನರ್, ಒಂದು ಸ್ಟ್ಯಾಂಡು, ಒಂದು ಬೆಳಕಿನ ಫಲಕ, ಇಷ್ಟನ್ನು ಅಲ್ಲಿ ಇಟ್ಟು, ಪುಸ್ತಕದ ಹಾಗೆ ಎರವಲು ಕೊಟ್ಟರೆ ಊರಿನ ಎಲ್ಲ ಮನೆಗೂ ಆಯಿತು. ಕಲಿತ ಹುಡುಗರು ಜೊತೆಗೆ ಹೋಗಲಿ.

ಸ್ಟುಡಿಯೋದವರು: ಕಲಿಸೋಕೆ ನಾನು ಬರ್ತೀನಿ. ನೆಗೆಟಿವ್ ಹಿಡಿಯೋ ಕೈ ಹೇಗಿರಬೇಕು ಅನ್ನೋದನ್ನು ಹೇಳಿಕೊಡೋಕೆ ಈಗ ಉಳಿದಿರೋರು ಕಡಿಮೆ.

ಯಜಮಾನರು: ನಾನು ಪಂಚಾಯ್ತಿಯಾಗೆ ಈ ಮಾತು ಎತ್ತತೀನಿ. ಅಲ್ಲೀತನಕ ನಾನೇನು ಮಾಡ್ಲಿ?

ಗ್ರಂಥಪಾಲಕಿ: ಯಂತ್ರ ಬೇಡದ ಕೆಲಸ ಒಂದಿದೆ, ಅದೇ ಎಲ್ಲಕ್ಕಿಂತ ತುರ್ತಿನದು. ಅಚ್ಚಾದ ಕನ್ನಡವನ್ನು ಕಂಪ್ಯೂಟರ್ ಈಗ ಓದುತ್ತೆ. ಮೋಡಿಯನ್ನು ಓದಬಲ್ಲವರು ಇಂದಿಗೂ ಸಿಗುತ್ತಾರೆ. ಆದರೆ ಕಿರ್ಲೋಸ್ಕರ್ ಫೋಟೋದ ಎರಡನೇ ಸಾಲಿನಲ್ಲಿ ನಿಂತವರು ಯಾರು ಅಂತ ಯಾವ ಯಂತ್ರವೂ ಹೇಳಲಾರದು. ನಿಮ್ಮ ಚಿಕ್ಕಪ್ಪ ಇದ್ದಾರಲ್ಲ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ, ಫೋಟೋಗಳಿಗೆ ನಂಬರ್ ಹಾಕಿ. ನಂಬರ್ ಬರೆಯೋದು ಲಕೋಟೆಯ ಮೇಲೆ, ಫೋಟೋ ಮೇಲೆ ಅಲ್ಲ. ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರು, ಊರು, ಮಾಡ್ತಿದ್ದ ಕೆಲಸ ಕೇಳಿ ಬರೆದುಕೊಳ್ಳಿ. ಅವರು ಹೇಳ್ತಿರುವಾಗ ಮೊಬೈಲಿನಲ್ಲಿ ದನಿಯೂ ಹಿಡಿಯಿರಿ. ಸ್ಕ್ಯಾನರ್ ಮುಂದಿನ ವರ್ಷ ಇನ್ನೂ ಚೆನ್ನಾಗಿರೋದು ಬರುತ್ತೆ, ಆ ಹೆಸರು ಗೊತ್ತಿರೋರು ಮುಂದಿನ ವರ್ಷಕ್ಕೆ ಹೆಚ್ಚಾಗೋದಿಲ್ಲ.

ಯಜಮಾನರು: ಹಂಗಾದ್ರೆ ಮಗನಿಗೆ ಫೋನ್ ಮಾಡಿ ಯಂತ್ರ ಸದ್ಯ ಬ್ಯಾಡ ಅಂತೀನಿ. ನಾಳೆ ಹರಿಹರಕ್ಕೆ, ಚಿಕ್ಕಪ್ಪನ ಮನೆಗೆ ಹೊಂಟೆ.